ತೆಂಗಿನ ನಾಡಿನ ಗೇಯನಾಟಕ: ಮುಖವೀಣೆಯಿಂದ ಹಾರ್ಮೋನಿಯಂವರೆಗೆ

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಸಾಗುವ ರೈಲುದಾರಿಯಲ್ಲಿ ತುಮಕೂರನ್ನು ದಾಟಿದ ಮೇಲೆ ಗುಬ್ಬಿಯೂ, ಅನಂತರ ಅಮ್ಮಸಂದ್ರವೂ, ಅದರ ಮುಂದೆ ತಿಪಟೂರೂ ಬರುವುವು. ಕಿಟಕಿಯ ಎರಡು ಕಡೆಗಳಲ್ಲಿಯೂ ಕಣ್ಣು ಹಾಯುವಷ್ಟು ದೂರ ತೆಂಗಿನ ತೋಟಗಳು. ಈ ಸೀಮೆಯ ಹೆಸರನ್ನು ಹೊರಗಿನವರು ಕೇಳಿರುವುದು ತಿಪಟೂರಿನ ಕೊಬ್ಬರಿಯಿಂದ. ಅಮ್ಮಸಂದ್ರದ ಹೆಸರನ್ನು ಕೇಳಿರುವುದು ಸಿಮೆಂಟಿನ ಕಾರ್ಖಾನೆಯಿಂದ. ಆದರೆ ತುರುವೇಕೆರೆ, ಚಿಕ್ಕನಾಯಕನಹಳ್ಳಿ, ತಿಪಟೂರು, ಗುಬ್ಬಿ ಈ ನಾಲ್ಕು ತಾಲ್ಲೂಕುಗಳ ನೆಲವು ಇನ್ನೊಂದು ಬೆಳೆಯನ್ನೂ ಬೆಳೆದಿದೆ. ಕಥೆಯನ್ನು ಹಾಡಿ, ಕುಣಿದು, ವೇಷ ಕಟ್ಟಿ ತೋರಿಸುವ ಗೇಯನಾಟಕವೇ ಆ ಬೆಳೆ. ಅದರ ಚರಿತ್ರೆಯನ್ನು, ವಿಶೇಷವಾಗಿ ಅದರ ವಾದ್ಯಗಳ ಚರಿತ್ರೆಯನ್ನು, ಇಂದು ಸ್ವಲ್ಪ ವಿಚಾರಮಾಡೋಣ. ವಾದ್ಯವೇ ಏಕೆಂದರೆ, ಒಂದು ಕಲೆಯ ಕಥೆ, ಮಾತು, ವೇಷ ಇವೆಲ್ಲವೂ ಉಳಿದುಕೊಂಡು ವಾದ್ಯವೊಂದೇ ಬದಲಾದರೂ ಆ ಕಲೆ ಅದೇ ಆಗಿ ಉಳಿಯುವುದೋ ಇಲ್ಲವೋ ಎಂಬ ಪ್ರಶ್ನೆ ಇಲ್ಲಿ ಬಹು ಸ್ಪಷ್ಟವಾಗಿ ಎದುರು ನಿಲ್ಲುತ್ತದೆ.

ಈ ಪ್ರಶ್ನೆಯನ್ನು ನಮಗಿಂತ ಮೊದಲು ಎತ್ತಿಕೊಂಡವರು ಯೂರೋಪಿನವರು. ಅಲ್ಲಿ ‘ಆಪೆರಾ’ ಎಂದು ಕರೆಯುವ ಗೇಯನಾಟಕವು 1600ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿತು. ಪ್ರಾಚೀನ ಗ್ರೀಕರು ತಮ್ಮ ದುರಂತನಾಟಕಗಳನ್ನು ಹಾಡಿಯೇ ಆಡುತ್ತಿದ್ದರೆಂದು ನಂಬಿದ ಕೆಲವು ಮಂದಿ ವಿದ್ವಾಂಸರೂ ಗಾಯಕರೂ ಆ ಕಳೆದುಹೋದ ಕಲೆಯನ್ನು ಪುನಃ ಕಟ್ಟಬೇಕೆಂದು ಹೊರಟರು. ಹಳೆಯದನ್ನು ಹುಡುಕಹೊರಟವರ ಕೈಗೆ ಸಿಕ್ಕಿದುದು ಒಂದು ಹೊಸ ಕಲೆ. 1607ರಲ್ಲಿ ಮಾಂಟುವಾ ಪ್ರಭುವಿನ ಆಸ್ಥಾನದಲ್ಲಿ ಮಾಂಟೆವರ್ಡಿಯ ‘ಆರ್ಫಿಯೋ’ ಪ್ರಯೋಗವಾಯಿತು. ಮೂವತ್ತು ವರ್ಷಗಳ ಮೇಲೆ, 1637ರಲ್ಲಿ, ವೆನಿಸ್ ನಗರದಲ್ಲಿ ಹಣ ಕೊಟ್ಟು ಚೀಟಿ ಪಡೆದವರೆಲ್ಲರೂ ನೋಡಬಹುದಾದ ಮೊದಲನೆಯ ಆಪೆರಾ ಮಂದಿರವು ಬಾಗಿಲು ತೆರೆಯಿತು. ಅಲ್ಲಿಂದ ಮುಂದೆ ಹದಿನೆಂಟನೆಯ ಶತಮಾನದ ನಡುವಿನವರೆಗೆ ಬೆಳೆದ ಸಂಗೀತವನ್ನು ಅಲ್ಲಿನವರು ‘ಬರೋಕ್’ ಎಂಬ ಹೆಸರಿನಿಂದ ಗುರುತಿಸುವರು.

ಆ ಕಾಲದಲ್ಲಿ ನಮ್ಮ ಮೈಸೂರು ಸೀಮೆ ಸುಮ್ಮನೆ ಕುಳಿತಿರಲಿಲ್ಲ. ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಆಳಿದರು, ಅವರ ಆಸ್ಥಾನದ ಸಿಂಗರಾರ್ಯನು ‘ಮಿತ್ರವಿಂದಾಗೋವಿಂದ’ವನ್ನು ಬರೆದನು, ನಮಗೆ ದೊರೆತಿರುವ ಕನ್ನಡ ನಾಟಕಗಳಲ್ಲಿ ಅದೇ ಮೊದಲನೆಯದು. ಅದು ಸಂಸ್ಕೃತದ ‘ರತ್ನಾವಳಿ’ಯ ಜಾಡಿನಲ್ಲಿ ನಡೆದ ಕೃತಿ. ಆದರೆ ನಮ್ಮ ಇಂದಿನ ವಿಷಯಕ್ಕೆ ಇನ್ನೂ ಹತ್ತಿರದವರು ಅವರ ಮಗ, 1704ರಲ್ಲಿ ಪಟ್ಟಕ್ಕೆ ಬಂದ ಕಂಠೀರವ ನರಸರಾಜ ಒಡೆಯರು. ಹುಟ್ಟಿನಿಂದ ಮಾತು ಬಾರದ ಈ ದೊರೆಯನ್ನು ಜನರು ‘ಮೂಕರಸು’ ಎಂದೇ ಕರೆದರು. ಅವರ ಹೆಸರಿನಲ್ಲಿ ಹದಿನಾಲ್ಕು ಯಕ್ಷಗಾನಗಳು ದೊರೆತಿವೆ. ಭಾಷೆಗಳು ಹಲವು, ಬರೆದಿರುವ ಲಿಪಿ ಮಾತ್ರ ಕನ್ನಡವೊಂದೇ. ಲಂಡನ್ನಿನಲ್ಲಿ ಹ್ಯಾಂಡೆಲನು ತನ್ನ ‘ರಿನಾಲ್ಡೊ’ವನ್ನು ಆಡಿಸಿದುದು 1711ರಲ್ಲಿ. ಅಂದರೆ ಮಾತನಾಡಲಾರದ ಅರಸನ ಯಕ್ಷಗಾನಗಳೂ ಹ್ಯಾಂಡೆಲನ ಆಪೆರಾಗಳೂ ಸಮಕಾಲೀನವಾದುವು. ಒಂದು ಇನ್ನೊಂದನ್ನು ಅರಿಯದೆಯೇ ಬೆಳೆದರೂ ಎರಡೂ ಒಂದೇ ಮಾತನ್ನು ಒಪ್ಪಿಕೊಂಡಿದ್ದುವು: ದೇವತೆಗಳೂ ವೀರರೂ ನಮ್ಮ ನಿಮ್ಮಂತೆ ಮಾತನಾಡತಕ್ಕವರಲ್ಲ, ಹಾಡತಕ್ಕವರು.

ಅರಮನೆಯ ಗ್ರಂಥಗಳು ಓಲೆಯಲ್ಲಿ ಉಳಿದುವು. ಹಳ್ಳಿಯ ಆಟವು ಜನರ ಗಂಟಲಿನಲ್ಲಿಯೂ ಕಾಲಿನಲ್ಲಿಯೂ ಉಳಿಯಿತು. ಘಟ್ಟದ ಕೆಳಗಿನ ಯಕ್ಷಗಾನವನ್ನು ಪಡುವಲಪಾಯವೆಂದೂ, ಘಟ್ಟದ ಮೇಲಿನ ಬಯಲುಸೀಮೆಯದನ್ನು ಮೂಡಲಪಾಯವೆಂದೂ ಕರೆಯುವರು. ತುಮಕೂರು, ಹಾಸನ, ಮಂಡ್ಯ ಜಿಲ್ಲೆಗಳ ಹಳ್ಳಿಗಳು ಈ ಮೂಡಲಪಾಯದ ಮುಖ್ಯ ನೆಲೆ. ಕರಾವಳಿಯ ಮೇಳಗಳಂತೆ ಇದನ್ನು ವೃತ್ತಿಯಾಗಿ ಹಿಡಿದು ಊರೂರು ತಿರುಗುವವರು ಇಲ್ಲಿ ವಿರಳ. ರಾಗಿಯ ಕಣ ಮುಗಿದು ಕೈಗೆ ಬಿಡುವು ಬಂದ ಮೇಲೆ ಊರಿನವರೇ ಪಟ್ಟಿ ಹಾಕಿ ಹಣ ಕೂಡಿಸುವರು. ಆಟ ಕಲಿಸಲು ಒಬ್ಬ ಭಾಗವತರನ್ನು ಕರೆಸುವರು. ಅವರು ತಿಂಗಳುಗಟ್ಟಲೆ ಊರಿನಲ್ಲಿಯೇ ನಿಂತು, ಹಗಲು ಹೊಲದಲ್ಲಿ ದುಡಿದು ಬಂದವರಿಗೆ ರಾತ್ರಿ ಪದವನ್ನೂ ಹೆಜ್ಜೆಯನ್ನೂ ಹೇಳಿಕೊಡುವರು. ಓದು ಬಾರದವರು ಕೇಳಿ ಕೇಳಿಯೇ ನೂರಾರು ಪದಗಳನ್ನು ಕಂಠಸ್ಥ ಮಾಡುವರು. ಕಡೆಗೆ ಒಂದು ರಾತ್ರಿ, ಜಾತ್ರೆಯ ಸಮಯದಲ್ಲಿಯೋ ಹಬ್ಬದ ಮರುದಿನವೋ, ಅಟ್ಟ ಕಟ್ಟಿ ಬೆಳಗಿನವರೆಗೆ ಆಡುವರು.

ಆಟದ ಕ್ರಮವನ್ನು ಕೇಳಿರಿ. ಗಣಪತಿಯ ಪೂಜೆ, ಶಾರದೆಯ ಸ್ತುತಿ ಮೊದಲು. ನಗಿಸುವುದಕ್ಕೆ ಕೋಡಂಗಿ. ದೊಡ್ಡ ಪಾತ್ರವು ಬರುವಾಗ ಇಬ್ಬರು ಒಂದು ತೆರೆಯನ್ನು ಹಿಡಿದು ನಿಲ್ಲುವರು. ತೆರೆಯ ಹಿಂದೆ ಗೆಜ್ಜೆಯ ಸದ್ದು, ಕಿರೀಟದ ತುದಿ ಮಾತ್ರ ಕಾಣುವುದು. ತೆರೆ ಸರಿದ ಮೇಲೆ ಸಾರಥಿಯು ಬಂದವರ ಹೆಸರನ್ನೂ ಬಂದ ಕಾರಣವನ್ನೂ ಕೇಳುವನು. ಪಾತ್ರವು ತನ್ನ ಪರಾಕ್ರಮವನ್ನು ತಾನೇ ವರ್ಣಿಸಿಕೊಳ್ಳುವುದು. ಹಗುರವಾದ ಮರದಿಂದ ಕೆತ್ತಿ ಬಣ್ಣ ಹಾಕಿ ಹೊಳಪಿನ ಕಾಗದ, ಕನ್ನಡಿಚೂರುಗಳನ್ನು ಅಂಟಿಸಿದ ಕಿರೀಟ, ಭುಜಕೀರ್ತಿ, ಎದೆಹಾರಗಳು, ಕಾಲಿಗೆ ಗೆಜ್ಜೆ. ಪದವನ್ನು ಭಾಗವತರು ಎತ್ತಿಕೊಡುವರು, ಹಿಮ್ಮೇಳದವರು ಹಿಡಿಯುವರು, ಪಾತ್ರಧಾರಿಯೂ ದನಿಗೂಡಿಸಿ ಕುಣಿಯುವನು. ಪ್ರಸಂಗದ ಪುಸ್ತಕಗಳಲ್ಲಿ ಪದಗಳ ತಲೆಯ ಮೇಲೆ ನಾಟಿ, ಭೈರವಿ, ಮೋಹನ ಮುಂತಾದ ರಾಗಗಳ ಹೆಸರೂ, ಆದಿ, ಝಂಪೆ, ತ್ರಿವುಡೆ ಮುಂತಾದ ತಾಳಗಳ ಹೆಸರೂ ಇರುವುವು. ಆದರೆ ಆ ರಾಗವನ್ನು ಹಳ್ಳಿಯ ಭಾಗವತರು ಹೇಗೆ ಹಾಡುವರೆಂಬುದು ಪುಸ್ತಕದಲ್ಲಿಲ್ಲ.

ಈ ಹಾಡಿಕೆಗೆ ಆಧಾರವಾಗಿದ್ದ ವಾದ್ಯಗಳು ಮೂರು: ತಾಳ, ಮದ್ದಳೆ, ಮುಖವೀಣೆ. ಹೆಸರಿನಲ್ಲಿ ವೀಣೆಯಿದ್ದರೂ ಮುಖವೀಣೆಗೆ ತಂತಿಯಿಲ್ಲ. ಅದು ಉಸಿರಿನ ವಾದ್ಯ. ನಾಗಸ್ವರದ ಚಿಕ್ಕ ತಮ್ಮನೆನ್ನಬಹುದು: ಮರದ ಸಣ್ಣ ಕೊಳವೆ, ಅದರ ಮೈಮೇಲೆ ರಂಧ್ರಗಳು, ಬಾಯಿಗಿಡುವ ಕಡೆ ಎರಡು ನಾಲಿಗೆಯ ಪೀಪಿ. ಗಾತ್ರ ಸಣ್ಣದಾದುದರಿಂದ ದನಿ ಬಹಳ ಎತ್ತರ, ಮೊನಚು. ಮೇಲೆ ಛಾವಣಿಯಿಲ್ಲದ ಬಯಲಿನಲ್ಲಿ, ಮದ್ದಳೆಯ ಹೊಡೆತ, ಗೆಜ್ಜೆಯ ಗದ್ದಲ, ಜನರ ಕೇಕೆ ಇವುಗಳೆಲ್ಲವನ್ನೂ ಮೀರಿ ಆ ದನಿಯು ಕಡೆಯ ಸಾಲಿನವರನ್ನೂ ಮುಟ್ಟುವುದು. ಪಳಗಿದ ವಾದಕನು ಕೆನ್ನೆಯಲ್ಲಿ ಉಸಿರನ್ನು ಕೂಡಿಟ್ಟುಕೊಂಡು ನಾದವು ಕಡಿಯದಂತೆ ನಡೆಸುವನು. ತುಟಿಯ ಒತ್ತಡವನ್ನೂ ಉಸಿರಿನ ಬಿಗಿಯನ್ನೂ ಬದಲಿಸಿ ಸ್ವರವನ್ನು ಜಾರಿಸುವನು, ಏರಿಸುವನು, ನಡುಗಿಸುವನು. ಭಾಗವತರ ಕಂಠವು ಎಲ್ಲಿ ತಿರುಗುವುದೋ ಮುಖವೀಣೆಯೂ ಅಲ್ಲಿಯೇ ತಿರುಗುವುದು. ಹಾಡುಗಾರರು ಅಷ್ಟು ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದುದಕ್ಕೆ ಅದೂ ಒಂದು ಕಾರಣ. ವಾದ್ಯವೇ ಶ್ರುತಿಯನ್ನು ಕೊಡುತ್ತಿತ್ತು, ಶ್ರುತಿಯೇ ಕಂಠದ ಗುಣವನ್ನು ರೂಪಿಸುತ್ತಿತ್ತು.

ಈಗ ರೈಲಿನ ವಿಷಯಕ್ಕೆ ಬರೋಣ. ಬೆಂಗಳೂರಿನಿಂದ ತುಮಕೂರು, ಗುಬ್ಬಿ, ತಿಪಟೂರುಗಳ ಮೇಲೆ ಹರಿಹರದ ಕಡೆಗೆ ಹೋಗುವ ದಾರಿಯನ್ನು 1880ರ ದಶಕದಲ್ಲಿ ಹಂತಹಂತವಾಗಿ ಹಾಕಿದರು. ಅದೇ ಕಾಲದಲ್ಲಿ ಮುಂಬಯಿಯ ಪಾರಸೀ ನಾಟಕ ಮಂಡಳಿಗಳೂ ಸಾಂಗ್ಲಿಯ ಮಂಡಳಿಯೂ ಮೈಸೂರು ಸೀಮೆಯಲ್ಲಿ ಸಂಚರಿಸಿ ಹೊಸ ರುಚಿಯನ್ನು ಬಿತ್ತಿದ್ದುವು: ಬಣ್ಣ ಬರೆದ ಪರದೆಗಳು, ಮುಚ್ಚಿದ ಮಂದಿರ, ಚೀಟಿಯ ದರ, ಪೆಟ್ಟಿಗೆಯ ವಾದ್ಯ. ಮೈಸೂರಿನಲ್ಲಿ ಅರಮನೆಯ ಆಶ್ರಯದಲ್ಲಿ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭೆ ಏರ್ಪಟ್ಟಿತು. ಅದಕ್ಕಾಗಿ ಬಸವಪ್ಪಶಾಸ್ತ್ರಿಗಳು ‘ಶಾಕುಂತಲ’ವನ್ನು ಕನ್ನಡಿಸಿದರು. ಅರಮನೆಯ ಆಶ್ರಯವಿಲ್ಲದ ಒಂದು ಸಣ್ಣ ಊರಿನಲ್ಲಿ, ಗುಬ್ಬಿಯಲ್ಲಿ, 1884ರಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬ್ ಮೊದಲಾದವರು ಸೇರಿ ಊರದೇವರಾದ ಚನ್ನಬಸವೇಶ್ವರನ ಹೆಸರಿನಲ್ಲಿ ಒಂದು ನಾಟಕ ಮಂಡಳಿಯನ್ನು ಕಟ್ಟಿದರು. ಶಿವಶರಣನ ಹೆಸರಿನ ಸಂಸ್ಥೆಯನ್ನು ಕಟ್ಟುವುದರಲ್ಲಿ ಒಬ್ಬ ಮುಸಲ್ಮಾನ ಗೃಹಸ್ಥರ ಕೈಯೂ ಇದ್ದುದು ಈ ನಾಡಿನ ಗೌರವಕ್ಕೆ ಸೇರಿದ ಸಂಗತಿ.

1891ರಲ್ಲಿ ಹುಟ್ಟಿದ ವೀರಣ್ಣನವರು ಇನ್ನೂ ಬಾಲಕರಾಗಿರುವಾಗಲೇ ಈ ಮಂಡಳಿಯನ್ನು ಸೇರಿದರು; 1917ರಲ್ಲಿ ಅದರ ಒಡೆತನವು ಅವರ ಕೈಗೆ ಬಂದಿತು; 1972ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ‘ಗುಬ್ಬಿ’ ಎಂಬುದು ಊರಿನ ಹೆಸರಾಗಿರುವುದಕ್ಕಿಂತ ಹೆಚ್ಚಾಗಿ ಒಂದು ನಾಟಕಪರಂಪರೆಯ ಹೆಸರಾಗಿತ್ತು. ‘ಸದಾರಮೆ’ಯ ಕಳ್ಳನ ಪಾತ್ರದಲ್ಲಿ ಅವರು ನಗಿಸಿದುದನ್ನು ಹಿರಿಯರು ಬಹುಕಾಲ ನೆನೆಯುತ್ತಿದ್ದರು. ತುಮಕೂರಿನ ಬಳಿಯ ಬೆಳ್ಳಾವೆಯ ನರಹರಿಶಾಸ್ತ್ರಿಗಳು ಮಂಡಳಿಗೆ ನಾಟಕಗಳನ್ನು ಬರೆದುಕೊಟ್ಟರು. 1934ರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳು ರಂಗದ ಮೇಲೆ ಬಂದುವು. ಇದನ್ನು ಕೇಳಿ ನಗಬೇಕಾದುದಿಲ್ಲ. ಹ್ಯಾಂಡೆಲನ ‘ರಿನಾಲ್ಡೊ’ದಲ್ಲಿ ಉಪವನದ ದೃಶ್ಯಕ್ಕೆಂದು ಜೀವಂತ ಗುಬ್ಬಚ್ಚಿಗಳನ್ನು ಮಂದಿರದೊಳಗೆ ಹಾರಿಬಿಟ್ಟಿದ್ದರು, ಲಂಡನ್ನಿನ ಪತ್ರಿಕೆಯವರು ಅದನ್ನು ಹಾಸ್ಯಮಾಡಿದರು, ಜನರಾದರೋ ಮುಗಿಬಿದ್ದು ನೋಡಿದರು. ಕಣ್ಣಿಗೆ ಅದ್ಭುತವನ್ನು ಬಡಿಸುವುದು ಗೇಯನಾಟಕದ ಹುಟ್ಟುಗುಣ. ಹೆಣ್ಣಿನ ಪಾತ್ರವನ್ನು ಗಂಡಸರು ವಹಿಸುವ ಪದ್ಧತಿಯೂ ಹಾಗೆಯೇ. ಪೋಪರ ರೋಮಿನಲ್ಲಿ ಹೆಂಗಸರು ರಂಗವನ್ನೇರಬಾರದೆಂಬ ಕಟ್ಟಿದ್ದಿತು. ನಮ್ಮ ಮೂಡಲಪಾಯದಲ್ಲಿಯೂ ಸ್ತ್ರೀವೇಷವು ಗಂಡಸರ ಪಾಲಿಗಿತ್ತು. ಗುಬ್ಬಿ ಮಂಡಳಿಯು ಬಿ. ಜಯಮ್ಮನವರಂಥ ಕಲಾವಿದೆಯರನ್ನು ರಂಗಕ್ಕೆ ತಂದು ಆ ಕಟ್ಟನ್ನು ಸಡಿಲಿಸಿತು.

ಈ ಮಂಡಳಿಗಳ ಜೊತೆಯಲ್ಲಿ ಬಂದ ಪೆಟ್ಟಿಗೆಯ ವಾದ್ಯವೇ ಹಾರ್ಮೋನಿಯಂ. ಫ್ರಾನ್ಸಿನಲ್ಲಿ 1842ರಲ್ಲಿ ಹಕ್ಕುಪತ್ರ ಪಡೆದು ಹುಟ್ಟಿದ ಈ ವಾದ್ಯವನ್ನು ಪಾದ್ರಿಗಳು ನಮ್ಮ ದೇಶಕ್ಕೆ ತಂದರು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಕೈಯಿಂದ ಗಾಳಿಯೊತ್ತಿ ನೆಲದ ಮೇಲೆ ಕುಳಿತು ನುಡಿಸುವಂತೆ ಅದನ್ನು ಮಾರ್ಪಡಿಸಿದರು. ನಾಟಕ ಮಂಡಳಿಗಳಲ್ಲಿ ಕಾಲಿನಿಂದ ತುಳಿಯುವ ದೊಡ್ಡ ಹಾರ್ಮೋನಿಯಂ ರಂಗದ ಮುಂದೆ ಸ್ಥಾನ ಪಡೆಯಿತು; ನಟರು ತಮ್ಮ ಶ್ರುತಿಯನ್ನು ಕರಿ ಮನೆ, ಬಿಳಿ ಮನೆಗಳ ಲೆಕ್ಕದಲ್ಲಿ ಹೇಳತೊಡಗಿದರು. ಅದರ ಅನುಕೂಲಗಳು ಅನೇಕ. ಮಳೆಗೂ ಬಿಸಿಲಿಗೂ ಶ್ರುತಿ ಕದಲದು. ಪೀಪಿ ಒಣಗಿತೆಂಬ ತೊಡಕಿಲ್ಲ. ವರ್ಷಾರು ತಿಂಗಳಲ್ಲಿ ಒಬ್ಬ ಹುಡುಗನು ಸಾಧಾರಣವಾಗಿ ನುಡಿಸಬಲ್ಲನು. ನಾಲ್ಕು ಗೋಡೆಯ ಮಂದಿರಕ್ಕೆ ಅದರ ದನಿ ಸಾಕು. ಬಯಲಿನಲ್ಲಿ ಸಾಲದಿದ್ದ ಆ ದನಿಗೆ ಮುಂದೆ ಧ್ವನಿವರ್ಧಕವು ಬಲ ಕೊಟ್ಟಿತು. ಹೀಗೆ ಹಾರ್ಮೋನಿಯಂ ಮಂದಿರದಿಂದ ಹೊರಟು ಮೂಡಲಪಾಯದ ಅಟ್ಟವನ್ನೂ ಹತ್ತಿತು. ಮದುವೆಯ ಮನೆಗಳಲ್ಲಿ ಓಲಗಕ್ಕೆ ಬದಲಾಗಿ ಬ್ಯಾಂಡು ಬಂದಂತೆಲ್ಲ ಉಸಿರಿನ ವಾದ್ಯವನ್ನು ವಂಶಪರಂಪರೆಯಾಗಿ ಕಲಿಯುತ್ತಿದ್ದ ಮನೆಗಳಿಗೆ ಜೀವನಾಧಾರವೂ ತಪ್ಪಿತು. ಮುಖವೀಣೆ ಹಿಂದೆ ಸರಿದುದು ಯಾರದೋ ದ್ವೇಷದಿಂದಲ್ಲ, ಅನುಕೂಲದಿಂದ.

ಆದರೆ ಅನುಕೂಲಕ್ಕೆ ಬೆಲೆಯುಂಟು. ಹಾರ್ಮೋನಿಯಂನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ನೆಗೆಯಬಹುದೇ ಹೊರತು ಜಾರಲಾಗದು. ಎರಡು ಸ್ವರಗಳ ನಡುವಿನ ದಾರಿಯೇ ನಮ್ಮ ಸಂಗೀತದಲ್ಲಿ ಗಮಕ. ಆ ದಾರಿಯನ್ನು ಈ ಪೆಟ್ಟಿಗೆ ಅರಿಯದು. ಈ ಕಾರಣದಿಂದಲೇ ಅಖಿಲ ಭಾರತ ರೇಡಿಯೋ ಸಂಸ್ಥೆಯು 1940ರಲ್ಲಿ ತನ್ನ ನಿಲಯಗಳಿಂದ ಹಾರ್ಮೋನಿಯಂಗೆ ಬಹಿಷ್ಕಾರ ಹಾಕಿತು. 1971ರವರೆಗೆ ಆ ಕಟ್ಟು ಸಡಿಲವಾಗಲಿಲ್ಲ. ಬಹಿಷ್ಕಾರವು ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಬೇಡ. ಆಜ್ಞೆಯಿಂದ ಒಂದು ವಾದ್ಯವನ್ನು ಹೊರಗಟ್ಟಬಹುದು. ಅದರ ಮುಂಚೆ ಇದ್ದ ವಾದ್ಯವನ್ನು ಆಜ್ಞೆಯಿಂದ ಮರಳಿ ತರಲಾಗದು. ಇಷ್ಟನ್ನು ಆ ಮೂವತ್ತೊಂದು ವರ್ಷಗಳು ತೋರಿಸಿಕೊಟ್ಟುವು.

ಯೂರೋಪಿನಲ್ಲಿಯೂ ಇಂಥದೇ ನಷ್ಟ ನಡೆಯಿತು. ಬರೋಕ್ ಕಾಲದ ಗೇಯನಾಟಕಕ್ಕೆ ಆಧಾರವಾಗಿದ್ದುದು ಹಾರ್ಪ್ಸಿಕಾರ್ಡ್ ಎಂಬ ವಾದ್ಯ. ಅದರ ಮನೆಯನ್ನೊತ್ತಿದರೆ ಒಳಗಿನ ಸಣ್ಣ ಕೊಕ್ಕೊಂದು ತಂತಿಯನ್ನು ಮೀಟುವುದು. ತಂತಿಯನ್ನು ಹೊಡೆಯುವ ಪಿಯಾನೋ ಬಂದ ಮೇಲೆ ಅದು ಮೂಲೆ ಸೇರಿತು, ಕರುಳಿನ ತಂತಿಯ ಜಾಗದಲ್ಲಿ ಲೋಹದ ತಂತಿ, ಮರದ ಕೊಳಲಿನ ಜಾಗದಲ್ಲಿ ಲೋಹದ ಕೊಳಲು ಬಂದುವು, ಶ್ರುತಿ ಏರಿತು. ಆಟಗಳೂ ಮರೆತುಹೋದುವು: ಹ್ಯಾಂಡೆಲನ ಆಪೆರಾಗಳು 1754ರಿಂದ 1920ರವರೆಗೆ ರಂಗವನ್ನೇ ಕಾಣಲಿಲ್ಲ. 1920ರಲ್ಲಿ ಜರ್ಮನಿಯ ಗಟಿಂಗೆನ್ ಎಂಬ ವಿದ್ಯಾನಗರದಲ್ಲಿ ‘ರೋಡೆಲಿಂಡ’ವನ್ನು ಆಡಿದಾಗ ನೂರ ಅರವತ್ತಾರು ವರ್ಷಗಳ ನಿದ್ರೆ ಮುಗಿಯಿತು. ಅದಕ್ಕೂ ಮೊದಲೇ ಇಂಗ್ಲೆಂಡಿನಲ್ಲಿ ಡಾಲ್ಮೆಚ್ ಎಂಬವರು 1890ರ ದಶಕದಲ್ಲಿ ಹಳೆಯ ಮಾದರಿಗಳನ್ನು ನೋಡಿ ಹೊಸದಾಗಿ ಹಾರ್ಪ್ಸಿಕಾರ್ಡುಗಳನ್ನು ತಯಾರಿಸತೊಡಗಿದ್ದರು. ಸ್ವೀಡನ್ನಿನ ಡ್ರಾಟ್ನಿಂಗ್‌ಹೋಮ್ ಅರಮನೆಯಲ್ಲಿ 1766ರಲ್ಲಿ ಕಟ್ಟಿದ ನಾಟಕ ಮಂದಿರವು ದೊರೆಯ ಮರಣದ ನಂತರ ಮುಚ್ಚಿಹೋಗಿತ್ತು. 1921ರಲ್ಲಿ ಒಬ್ಬ ವಿದ್ವಾಂಸರು ಬಾಗಿಲು ತೆಗೆಸಿ ನೋಡಿದಾಗ ಪರದೆಗಳೂ, ಅವುಗಳನ್ನು ಎಳೆಯುವ ಮರದ ಯಂತ್ರಗಳೂ, ಮೋಡ ಇಳಿಸುವ ಹಗ್ಗಗಳೂ ಧೂಳಿನ ಕೆಳಗೆ ಹಾಗೆಯೇ ಇದ್ದುವು.

1953ರಲ್ಲಿ ವಿಯೆನ್ನಾ ನಗರದಲ್ಲಿ ಹಾರ್ನೊನ್‌ಕೂರ್ಟ್ ಎಂಬ ವಾದಕರು ಕೆಲವು ಮಂದಿ ಸ್ನೇಹಿತರೊಡನೆ ಹಳೆಯ ವಾದ್ಯಗಳ ಒಂದು ಚಿಕ್ಕ ಮೇಳವನ್ನು ಕಟ್ಟಿದರು. ಹೊಟ್ಟೆಪಾಡಿಗೆ ದೊಡ್ಡ ವಾದ್ಯಗೋಷ್ಠಿಯಲ್ಲಿ ನುಡಿಸುತ್ತ, ಬಿಡುವಿನಲ್ಲಿ ಇದನ್ನು ಅಭ್ಯಾಸಮಾಡಿ, ನಾಲ್ಕು ವರ್ಷಗಳ ಮೇಲೆ ಜನರೆದುರಿಗೆ ಬಂದರು. ಅಂಥ ಸಣ್ಣ ಮೇಳಗಳ ಶ್ರಮದಿಂದಲೇ ಮಾಂಟೆವರ್ಡಿಯೂ ಹ್ಯಾಂಡೆಲನೂ ಪುನಃ ರಂಗಕ್ಕೆ ಬಂದರು. ಅವರು ಕಂಡುಕೊಂಡ ಮುಖ್ಯ ಸಂಗತಿಯೊಂದುಂಟು. ಕರುಳಿನ ತಂತಿಯ ದನಿ ಸಣ್ಣದು. ಅದರೊಡನೆ ಹಾಡುವ ಗಾಯಕನು ಅರಚಬೇಕಾದುದಿಲ್ಲ. ಅರಚದೆ ಹಾಡಿದಾಗ ಮಾತು ಕೇಳಿಸುವುದು. ಮಾತು ಕೇಳಿಸಿದಾಗ ನಾಟಕ ನಡೆಯುವುದು. ಹಳೆಯ ವಾದ್ಯವು ಬರಿಯ ಅಲಂಕಾರವಲ್ಲ, ಅದೇ ಗುರು. ಹಾಡಬೇಕಾದ ಬಗೆಯನ್ನು ಅದು ನುಡಿಸುವವನ ಕೈಗೂ ಹಾಡುವವನ ಕಂಠಕ್ಕೂ ಕಲಿಸಿಕೊಡುವುದು.

ಹಾಗಾದರೆ ನಾವೂ ಅವರಂತೆ ನಿಧಾನವಾಗಿ, ನೂರು ವರ್ಷ ಬಿಟ್ಟು, ಮುಖವೀಣೆಯನ್ನು ಎಬ್ಬಿಸಬಹುದೆ? ಇಲ್ಲಿಯೇ ನಮಗೂ ಅವರಿಗೂ ಇರುವ ಭೇದ. ಹ್ಯಾಂಡೆಲನು ಪ್ರತಿಯೊಂದು ಸ್ವರವನ್ನೂ ಕಾಗದದ ಮೇಲೆ ಬರೆದಿಟ್ಟು ಹೋಗಿದ್ದನು. ಅವನ ಕಲೆ ಕಪಾಟಿನಲ್ಲಿ ನಿದ್ರಿಸಬಹುದಾಗಿತ್ತು. ಮೂಡಲಪಾಯಕ್ಕೆ ಕಪಾಟಿಲ್ಲ. ನಮ್ಮ ಪ್ರಸಂಗದ ಪುಸ್ತಕವು ರಾಗದ ಹೆಸರನ್ನು ಮಾತ್ರ ಹೇಳಿ ಸುಮ್ಮನಾಗುವುದು. ಉಳಿದುದೆಲ್ಲ ಭಾಗವತರ ಕಂಠದಲ್ಲಿ, ವಾದಕನ ಉಸಿರಿನಲ್ಲಿ. ತೆಂಗಿನ ಸೀಮೆಯ ರೈತರು ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂಡಿಡುವರು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟದಿಂದ ಬಿಟ್ಟು, ಉಂಡೆ ಕೊಬ್ಬರಿಯಾಗುವುದು. ಇಟ್ಟಷ್ಟು ದಿನವೂ ಅದಕ್ಕೆ ಬೆಲೆಯೇ. ಕೇಳಿ ಕಲಿಯುವ ಕಲೆಯನ್ನು ಹಾಗೆ ಅಟ್ಟದ ಮೇಲಿಡಲಾಗದು. ಒಂದು ತಲೆಮಾರು ಕಲಿಯದಿದ್ದರೆ ಮುಂದಿನ ತಲೆಮಾರಿಗೆ ಸಿಕ್ಕುವುದು ಕರಟ ಮಾತ್ರ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜೀ. ಶಂ. ಪರಮಶಿವಯ್ಯನವರು ಹಳ್ಳಿಹಳ್ಳಿ ತಿರುಗಿ ಮೂಡಲಪಾಯವನ್ನು ಅಭ್ಯಾಸಮಾಡಿ ವಿದ್ವತ್ಪ್ರಪಂಚದ ಗಮನವನ್ನು ಅದರ ಕಡೆಗೆ ತಿರುಗಿಸಿದರು. ಹಳ್ಳಿಗರ ಆಟವೆಂದು ಮೂಗು ಮುರಿಯುತ್ತಿದ್ದ ಪಟ್ಟಣಿಗರು ಅದನ್ನು ಕಲೆಯೆಂದು ನೋಡುವಂತಾಯಿತು. ಆಟಗಳು ಈಗಲೂ ನಡೆಯುತ್ತಿವೆ. ಆದರೆ ಮುಖವೀಣೆಯನ್ನು ನುಡಿಸಬಲ್ಲವರು ಬಹಳ ಕಡಿಮೆಯಾಗಿರುವರು. ಅನೇಕ ಕಡೆ ಹಾರ್ಮೋನಿಯಂನಿಂದಲೇ ಆಟ ಸಾಗುವುದು. ಇದರಲ್ಲಿ ಒಂದು ವಿನೋದವೂ ಇದೆ. ಮುಖವೀಣೆಯನ್ನು ಹಿಂದೆ ಸರಿಸಿದ ಕಾಲು ಹಾರ್ಮೋನಿಯಂಗೇ ಈಗ ವಿದ್ಯುತ್ತಿನ ಕೀಬೋರ್ಡು ಎದುರಾಗಿದೆ. ‘ಸದಾರಮೆ’ಯನ್ನು ವೀರಣ್ಣನವರ ಕಾಲದ ರೀತಿಯಲ್ಲಿ ಆಡಬೇಕೆನ್ನುವವರು ಇನ್ನು ಕಾಲು ಹಾರ್ಮೋನಿಯಂ ಅನ್ನೇ ಹುಡುಕಿಕೊಂಡು ಹೋಗಬೇಕು. ನಿನ್ನೆಯ ಹೊಸತು ಇಂದಿನ ಪುರಾತನ. ಆದಕಾರಣ ಹಾರ್ಮೋನಿಯಂ ಅನ್ನು ವೈರಿಯೆಂದು ಜರೆಯುವುದು ನಮ್ಮ ಉದ್ದೇಶವಲ್ಲ. ಮಂಡಳಿಯ ನಾಟಕಕ್ಕೆ ಅದೇ ಸಹಜವಾದ ವಾದ್ಯ. ಅಲ್ಲಿ ಅದು ಇರಲೇಬೇಕು. ಮೂಡಲಪಾಯಕ್ಕೆ ಮುಖವೀಣೆ ಸಹಜ. ಅಲ್ಲಿಯೂ ಅದು ಇರಬೇಕು. ಒಂದೊಂದು ಆಟವೂ ತನ್ನ ವಾದ್ಯದೊಡನೆ ಬಾಳಲಿ ಎಂಬಷ್ಟೇ ನಮ್ಮ ಅರಿಕೆ.

ಇದಕ್ಕೆ ದೊಡ್ಡ ಐಶ್ವರ್ಯವೇನೂ ಬೇಡ. ವಿಯೆನ್ನಾದಲ್ಲಿ ಕೆಲಸ ತೊಡಗಿದವರು ಬೆರಳೆಣಿಕೆಯ ಜನ. ಉಳಿದಿರುವ ವಾದಕರ ಬಳಿಯಲ್ಲಿ ಮೂರು ನಾಲ್ಕು ಮಂದಿ ಹುಡುಗರು ಕೂತು ಕಲಿಯುವಂತೆ, ಕಲಿಯುವ ದಿನಗಳಲ್ಲಿ ಅವರ ಹೊಟ್ಟೆಗೆ ಕೊರತೆಯಾಗದಂತೆ ಏರ್ಪಾಡು ಮಾಡಬೇಕು. ವಾದ್ಯವನ್ನು ಕಡೆಯುವ, ಪೀಪಿಯನ್ನು ಕಟ್ಟುವ ಕೆಲಸವನ್ನೂ ಅದರೊಡನೆಯೇ ಕಲಿಸಬೇಕು. ಪೀಪಿ ಕಟ್ಟಬಲ್ಲವನು ಇಲ್ಲದಿದ್ದರೆ ವಾದ್ಯವು ಬರಿಯ ಮರದ ತುಂಡು. ಭಾಗವತರ ಹಾಡಿಕೆಯನ್ನು ಒಂದೆರಡು ಪದವಲ್ಲ, ಪ್ರಸಂಗವನ್ನು ಪೂರ್ತಿಯಾಗಿ, ಮುಖವೀಣೆಯ ಶ್ರುತಿಯೊಡನೆ ಧ್ವನಿಮುದ್ರಣ ಮಾಡಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪಟ್ಟಣದ ವಿದ್ಯಾವಂತರಾದ ನಾವು ವರ್ಷಕ್ಕೊಮ್ಮೆಯಾದರೂ ತೆಂಗಿನ ಸೀಮೆಯ ಯಾವುದಾದರೂ ಹಳ್ಳಿಯಲ್ಲಿ ಒಂದು ರಾತ್ರಿ ಎಚ್ಚರವಾಗಿದ್ದು ಆಟವನ್ನು ನೋಡಬೇಕು. ಕೇಳುವವರಿದ್ದಲ್ಲಿ ಕಲಿಯುವವರು ಹುಟ್ಟುವರು.

1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಯಂತ್ರವನ್ನಿಟ್ಟು ಪ್ರಸಾರವನ್ನು ಆರಂಭಿಸಿದಾಗ, ಕಾಣದ ಜನರ ಕಿವಿಗೆ ದನಿಯೊಂದನ್ನು ಮುಟ್ಟಿಸುವುದೇ ಒಂದು ಅದ್ಭುತವಾಗಿತ್ತು. ಅದಕ್ಕೆ ಬಹಳ ಮೊದಲೇ, ಯಂತ್ರದ ನೆರವಿಲ್ಲದೆ, ಒಂದು ಗೇಣುಗಾತ್ರದ ಮರದ ಕೊಳವೆಯು ಬಯಲಿನ ಕತ್ತಲಿನಲ್ಲಿ ಕಡೆಯ ಸಾಲಿನ ಕಿವಿಯನ್ನು ಮುಟ್ಟುತ್ತಿತ್ತು. ಆ ದನಿಯನ್ನು ಮುಂದಿನವರೂ ಕೇಳಬೇಕಾದರೆ ಅದನ್ನು ಊದಬಲ್ಲವರು ಇರುವಾಗಲೇ ಕಲಿಯುವವರು ಅವರ ಬಳಿಗೆ ಹೋಗಬೇಕು.